ಮೆಕಾರ್ಟ್ನಿಯ ಮೊದಲ ಸೋಲೋ ಆಲ್ಬಮ್: ಬೀಟಲ್ಸ್ ಒಡೆದದ್ದು ಇದರಿಂದಾನಾ?

ಟೇಪ್‌ರಾಯ

ಇಲ್ಲಿ ಬೀಟಲ್ಸ್ ಬಗ್ಗೆ ಬೇಕಾದಷ್ಟು ಮಾತಾಗಿದೆ. ಆದರೆ ಪಾಲ್ ಮೆಕಾರ್ಟ್ನಿಯ ‘ಮೆಕಾರ್ಟ್ನಿ’ ಆಲ್ಬಮ್ ಬಗ್ಗೆ ಒಂದು ಸಾಲಿಗಿಂತ ಜಾಸ್ತಿ ಯಾರೂ ಬರೆಯುವುದಿಲ್ಲ. ಆ ಸಾಲೂ ಯಾವಾಗಲೂ ಒಂದೇ: ಪಾಲ್ ಸೋಲೋ ಆಲ್ಬಮ್ ತಂದ, ಬ್ಯಾಂಡ್ ಒಡೆದುಹೋಯಿತು. ಇದು ಆ ಆಲ್ಬಮ್‌ಗೆ ಮಾಡಿದ ಅನ್ಯಾಯ ಅಂತ ನನ್ನ ವಾದ.

ಆ ದಿನಗಳನ್ನು ಸ್ವಲ್ಪ ನೋಡಿ. ಆಲ್ಬಮ್ ಇಂಗ್ಲೆಂಡಿನ ಅಂಗಡಿಗಳಿಗೆ ಬಂದದ್ದು 1970ರ ಏಪ್ರಿಲ್ 17ಕ್ಕೆ. ಅದಕ್ಕೆ ಒಂದು ವಾರ ಮೊದಲು, ಏಪ್ರಿಲ್ 10ಕ್ಕೆ, ಪಾಲ್ ಬೀಟಲ್ಸ್ ಬಿಡುತ್ತಿದ್ದಾನೆ ಅಂತ ‘ಡೈಲಿ ಮಿರರ್’ ಮುಖಪುಟದಲ್ಲಿ ಹಾಕಿತ್ತು. ಪತ್ರಿಕೆಯವರಿಗೆ ಮುಂಚಿತವಾಗಿ ಕಳಿಸಿದ ಪ್ರತಿಗಳ ಜೊತೆ ಒಂದು ಪ್ರಶ್ನೋತ್ತರದ ಹಾಳೆ ಇತ್ತು. ಸುದ್ದಿ ಹುಟ್ಟಿದ್ದು ಆ ಹಾಳೆಯಿಂದ. ಬ್ಯಾಂಡಿನ ಜಾನ್ ಲೆನನ್ ಜೊತೆ ಸೇರಿ ಮತ್ತೆ ಹಾಡು ಬರೆಯುವ ಕಾಲ ಬರಬಹುದಾ ಅನ್ನುವ ಪ್ರಶ್ನೆಗೆ ಪಾಲ್ ‘ಇಲ್ಲ’ ಅಂತ ಒಂದೇ ಮಾತಿನಲ್ಲಿ ಮುಗಿಸಿದ್ದ. ಆದರೆ ‘ನಾನು ಬ್ಯಾಂಡ್ ಬಿಟ್ಟಿದ್ದೇನೆ’ ಅಂತ ಅದರಲ್ಲಿ ಎಲ್ಲೂ ಇಲ್ಲ. ಈ ದೂರ ತಾತ್ಕಾಲಿಕವೋ ಶಾಶ್ವತವೋ ಅಂದರೆ ‘ಗೊತ್ತಿಲ್ಲ’ ಅಂತಲೇ ಬರೆದಿದ್ದ.

ಅಂಗಡಿಯಲ್ಲಿ ತಟ್ಟೆ (ರೆಕಾರ್ಡ್) ಕೊಂಡವರಿಗೆ ಆ ಹಾಳೆ ಸಿಗಲಿಲ್ಲ. ಆದರೂ ಎಲ್ಲರೂ ಅದನ್ನು ತಲೆಯಲ್ಲಿ ಇಟ್ಟುಕೊಂಡೇ ತಟ್ಟೆ ಕೇಳಿದರು. ಇಂದಿಗೂ ಹಾಗೇ ಕೇಳುತ್ತಿದ್ದೇವೆ. ಹಾಳೆ ಪಕ್ಕಕ್ಕಿಟ್ಟರೆ ಕೇಳಿಸುವುದು ಬೇರೆಯೇ. ಕೆಲಸ ಕಳೆದುಕೊಂಡ ಒಬ್ಬ ಮನುಷ್ಯ ಮನೆಯಲ್ಲಿ ಕೂತು, ತನ್ನ ಕೈ ಇನ್ನೂ ಓಡುತ್ತದಾ ಅಂತ ನೋಡಿಕೊಳ್ಳುತ್ತಿದ್ದಾನೆ.

ನಿಮಗೇನು ಅನ್ನಿಸುತ್ತದೆ?

ಬಸವನಗುಡಿ_ಬೇಸ್

ನನಗೆ ಅನ್ನಿಸುವುದು: ಕೈ ಓಡುತ್ತದಾ ಅಂತ ನೋಡಿಕೊಳ್ಳಲಿ, ಪಾಪ. ಅದನ್ನು ದುಡ್ಡಿಗೆ ಯಾಕೆ ಮಾರಬೇಕು?

ಲೆಕ್ಕ ಹಾಕಿ. ಒಟ್ಟು 13 ಟ್ರ್ಯಾಕ್. ಅದರಲ್ಲಿ 5ಕ್ಕೆ ಸಾಹಿತ್ಯವೇ ಇಲ್ಲ. ‘ಜಂಕ್’ ಒಂದು ಸಲ ಹಾಡಾಗಿ ಬರುತ್ತದೆ, ಇನ್ನೊಂದು ಸಲ ಮಾತಿಲ್ಲದೆ ಬರುತ್ತದೆ. ಮೊದಲನೇ ಹಾಡು ಒಂದು ನಿಮಿಷವೂ ಇಲ್ಲ, ಕೊನೆಗೆ ಅವನೇ ನಕ್ಕುಬಿಡುತ್ತಾನೆ. ಇದೇ ಮನುಷ್ಯ 1969ರ ಸೆಪ್ಟೆಂಬರ್‌ನಲ್ಲಿ ಬೀಟಲ್ಸ್ ಜೊತೆ ‘ಆಬಿ ರೋಡ್’ ಆಲ್ಬಮ್ ಕೊಟ್ಟಿದ್ದ. ಅದರ ಎರಡನೇ ಬದಿಯಲ್ಲಿ ತುಣುಕುಗಳನ್ನು ಪೋಣಿಸಿದ ರೀತಿ ನೆನಪಿದೆಯಾ? ಏಳು ತಿಂಗಳು ಆಗುವ ಮೊದಲೇ ಪೋಣಿಸದ ಬರೀ ತುಣುಕು.

ಬ್ಯಾಂಡಿನ ಜಾರ್ಜ್ ಹ್ಯಾರಿಸನ್ ಆಗಲೇ ಹೇಳಿದ್ದ. ‘ಮೇಬಿ ಐ ಆಮ್ ಅಮೇಝ್ಡ್’, ‘ದಟ್ ವುಡ್ ಬಿ ಸಮ್‌ಥಿಂಗ್’ ಎರಡೂ ಚೆನ್ನಾಗಿವೆ, ಉಳಿದದ್ದು ಅಷ್ಟಕ್ಕಷ್ಟೇ ಅಂತ. ನಾನು ಜಾರ್ಜ್ ಪಕ್ಷ.

ನಾಕನೇ_ಟ್ರ್ಯಾಕ್

ನಾನು ಧ್ವನಿಮುದ್ರಣದ ಕೆಲಸದವನು. ಹಾಡಿನ ಬಗ್ಗೆ ನೀವು ಕಾದಾಡಿ. ಇದನ್ನು ಮಾಡಿದ ಬಗೆ ನನಗೆ ಯಾವತ್ತೂ ಕುತೂಹಲ.

1969ರ ಕ್ರಿಸ್‌ಮಸ್ ಹೊತ್ತಿಗೆ ರೆಕಾರ್ಡ್ ಕಂಪನಿ ಇಎಂಐನ ನಾಲ್ಕು ಟ್ರ್ಯಾಕಿನ (ನಾಲ್ಕು ಸದ್ದನ್ನು ಬೇರೆಬೇರೆಯಾಗಿ ಹಿಡಿಯುವ) ಸ್ಟೂಡರ್ ಟೇಪ್ ಯಂತ್ರ ಪಾಲ್‌ನ ಲಂಡನ್ ಮನೆಗೆ ಬಂತು. ಮಿಕ್ಸಿಂಗ್ ಡೆಸ್ಕ್ ಇಲ್ಲ. ಧ್ವನಿ ಎಷ್ಟು ಜೋರಾಗಿ ಹೋಗುತ್ತಿದೆ ಅಂತ ತೋರಿಸುವ ಮುಳ್ಳಿನ ಮೀಟರ್ ಕೂಡ ಇಲ್ಲ. ಒಂದು ಮೈಕ್ ತಗೊಂಡು ಸೀದಾ ಯಂತ್ರದ ಹಿಂದೆ ಚುಚ್ಚಿದ, ಅಷ್ಟೇ. ಸದ್ದು ಜಾಸ್ತಿ ಆಯಿತು ಅಂದರೆ ಮೈಕ್ ದೂರ ಸರಿಸಬೇಕು. ಡ್ರಮ್ಸ್‌ನಲ್ಲಿ ಸಿಂಬಲ್ ಕೇಳಿಸಬೇಕು ಅಂದರೆ ಮೈಕನ್ನು ಅದರ ಹತ್ತಿರ ಇಡಬೇಕು. ಎಲ್ಲ ಕಿವಿಯ ಅಂದಾಜು.

‘ದ ಲವ್ಲಿ ಲಿಂಡಾ’ ನಿಜಕ್ಕೂ ಯಂತ್ರ ಕೆಲಸ ಮಾಡುತ್ತದಾ ಅಂತ ನೋಡಲು ಮಾಡಿದ ಪರೀಕ್ಷೆ. ಮೊದಲ ಟ್ರ್ಯಾಕ್‌ನಲ್ಲಿ ಹಾಡು ಮತ್ತು ಗಿಟಾರ್, ಎರಡರಲ್ಲಿ ಇನ್ನೊಂದು ಗಿಟಾರ್, ಮೂರರಲ್ಲಿ ಒಂದು ಪುಸ್ತಕದ ಮೇಲೆ ಕೈಯಿಂದ ತಟ್ಟಿದ್ದು, ನಾಲ್ಕರಲ್ಲಿ ಬೇಸ್. ಮುಗೀತು, ಯಂತ್ರ ತುಂಬಿತು. ಕೊನೆಯಲ್ಲಿ ಒಂದು ಕೀರಲು ಸದ್ದು ಬರುತ್ತದೆ. ಅದು ಪಾಲ್‌ನ ಹೆಂಡತಿ ಲಿಂಡಾ ಬಾಗಿಲು ತೆಗೆದು ಒಳಗೆ ಬಂದದ್ದು. ಅಳಿಸದೆ ಹಾಗೇ ಬಿಟ್ಟಿದ್ದಾನೆ.

ಆಬಿ ರೋಡ್ ಸ್ಟುಡಿಯೋದಲ್ಲಿ ಬೀಟಲ್ಸ್ ನಿರ್ಮಾಪಕ ಜಾರ್ಜ್ ಮಾರ್ಟಿನ್ ಮೇಲೆ ಕಂಟ್ರೋಲ್ ರೂಮಿನಲ್ಲಿ ಕೂತಿದ್ದರೆ ಆ ಬಾಗಿಲು ಉಳಿಯುತ್ತಿತ್ತಾ? ಖಂಡಿತ ಇಲ್ಲ. ಹಾಗಾಗಿ ಬಸವನಗುಡಿಯವರೇ, ಪೋಣಿಸಲು ಬಾರದೆ ಬಿಟ್ಟದ್ದಲ್ಲ ಇದು. ಬೇಡ ಅಂತ ಬಿಟ್ಟದ್ದು.

ಸುಮ್ನೆ_ಕೇಳುವವಳು

ನಾನು ಬೀಟಲ್ಸ್ ಕೇಳಲು ಶುರು ಮಾಡಿದ್ದು ಇತ್ತೀಚೆಗೆ. ಎರಡು ಪ್ರಶ್ನೆ, ಬೈಬೇಡಿ.

ಒಂದು: ಬ್ಯಾಂಡ್ ಮೊದಲು ಬಿಟ್ಟವನು ಜಾನ್ ಅಂತ ಎಲ್ಲೋ ಓದಿದೆ. ಹಾಗಿದ್ದರೆ ಬೈಗುಳ ಪಾಲ್‌ಗೆ ಯಾಕೆ?

ಎರಡು: ಎಲ್ಲ ವಾದ್ಯವೂ ಅವನೇ ನುಡಿಸಿದ್ದಾ? ಡ್ರಮ್ಸ್ ಕೂಡ?

ನಾಕನೇ_ಟ್ರ್ಯಾಕ್

ಎರಡನೆಯದಕ್ಕೆ ನಾನು: ಹೌದು, ಡ್ರಮ್ಸ್ ಕೂಡ. ಗಿಟಾರ್, ಬೇಸ್, ಪಿಯಾನೋ, ಆರ್ಗನ್, ಎಲ್ಲ. ‘ಗ್ಲಾಸಸ್’ ಅನ್ನುವ ತುಣುಕಿನಲ್ಲಿ ವೈನ್ ಲೋಟಗಳ ಅಂಚಿನಿಂದ ಸದ್ದು ತೆಗೆದಿದ್ದಾನೆ. ಲಿಂಡಾ ಜೊತೆಯಲ್ಲಿ ಹಾಡಿದ್ದಾಳೆ. ಅವರಿಬ್ಬರನ್ನು ಬಿಟ್ಟರೆ ಮೂರನೆಯವರು ಇಲ್ಲ.

ಟೇಪ್‌ರಾಯ

ಮೊದಲನೆಯದಕ್ಕೆ ನಾನು. ಸ್ವಲ್ಪ ಉದ್ದ ಆಗುತ್ತದೆ.

1969ರ ಸೆಪ್ಟೆಂಬರ್ 20ರಂದು ಬೀಟಲ್ಸ್‌ನ ಸ್ವಂತ ಕಂಪನಿ ಆಪಲ್‌ನ ಕಚೇರಿಯ ಮೀಟಿಂಗ್‌ನಲ್ಲಿ ಪಾಲ್ ಹೇಳುತ್ತಿದ್ದದ್ದು, ಮತ್ತೆ ಸಣ್ಣ ಸಣ್ಣ ಜಾಗಗಳಲ್ಲಿ ಹೋಗಿ ನುಡಿಸೋಣ ಅಂತ. ಅದಕ್ಕೆ ಜಾನ್ ನಾನು ಬ್ಯಾಂಡ್ ಬಿಡುತ್ತಿದ್ದೇನೆ ಅಂದುಬಿಟ್ಟ. ಆದರೆ ಆಗ ಮ್ಯಾನೇಜರ್ ಅಲೆನ್ ಕ್ಲೈನ್ ರೆಕಾರ್ಡ್ ಕಂಪನಿ ಜೊತೆ ಹೊಸ ರಾಯಲ್ಟಿ ಒಪ್ಪಂದ ಮಾಡಿಕೊಳ್ಳುತ್ತಿದ್ದ. ಬ್ಯಾಂಡೇ ಇಲ್ಲ ಅಂತ ಗೊತ್ತಾದರೆ ಕಂಪನಿ ಯಾಕೆ ಜಾಸ್ತಿ ಕೊಡುತ್ತದೆ? ಅದಕ್ಕೆ ಹೊರಗೆ ಹೇಳಬೇಡಿ ಅಂತ ತೀರ್ಮಾನ ಆಯಿತು. ಎಲ್ಲರೂ ಬಾಯಿ ಮುಚ್ಚಿಕೊಂಡರು, ಪಾಲ್ ಕೂಡ.

ಆಮೇಲೆ ಅವನು ಸ್ಕಾಟ್ಲೆಂಡಿನ ಕಿಂಟೈರ್‌ನಲ್ಲಿದ್ದ ತನ್ನ ತೋಟದ ಮನೆಗೆ ಹೋದ. ಮಗಳು ಮೇರಿ ಆಗಷ್ಟೇ, ಆಗಸ್ಟ್‌ನಲ್ಲಿ, ಹುಟ್ಟಿದ್ದಳು. ಬೆಳಿಗ್ಗೆ ಹಾಸಿಗೆ ಬಿಟ್ಟು ಏಳಲು ಮನಸ್ಸಾಗುತ್ತಿರಲಿಲ್ಲ, ಕುಡಿತ ಜಾಸ್ತಿ ಆಗಿತ್ತು ಅಂತ ಮುಂದೆ ಅವನೇ ಹೇಳಿಕೊಂಡಿದ್ದಾನೆ. ಹದಿಹರೆಯದಿಂದ ಒಂದೇ ಗುಂಪಿನಲ್ಲಿದ್ದವನು. 27ನೇ ವಯಸ್ಸಿಗೆ ಗುಂಪು ಇಲ್ಲ, ಇಲ್ಲ ಅಂತ ಯಾರಿಗೂ ಹೇಳುವ ಹಾಗೂ ಇಲ್ಲ. ಇನ್ನೊಂದು ಕಡೆ, ಪಾಲ್ ಸತ್ತೇ ಹೋಗಿದ್ದಾನೆ ಅಂತ ಅಮೆರಿಕದಲ್ಲಿ ಗಾಳಿಸುದ್ದಿ. ‘ಲೈಫ್’ ಪತ್ರಿಕೆಯವರು ಅವನನ್ನು ಹುಡುಕಿಕೊಂಡು ಅಷ್ಟು ದೂರದ ತೋಟಕ್ಕೇ ಹೋಗಿದ್ದರು.

ಲಂಡನ್ನಿಗೆ ಬಂದು ಆ ಯಂತ್ರ ತರಿಸಿಕೊಂಡದ್ದು ಇದಾದ ಮೇಲೆ. ‘ದ ಲವ್ಲಿ ಲಿಂಡಾ’ ಯಂತ್ರದ ಪರೀಕ್ಷೆ ಅಂತ ನಾಕನೇ ಟ್ರ್ಯಾಕ್ ಹೇಳಿದರಲ್ಲ, ನನಗೆ ಅದು ಮನುಷ್ಯನ ಪರೀಕ್ಷೆಯ ಹಾಗೂ ಕೇಳಿಸುತ್ತದೆ.

ಬೈಗುಳದ ವಿಷಯ: ಜಾನ್ ಸುಮ್ಮನಿದ್ದ, ಪಾಲ್ ಹೇಳಿದ. ಹೇಳಿದವನ ಕೊರಳಿಗೆ ಬಿತ್ತು. ಇದರಿಂದ ಜಾನ್‌ಗೂ ಉರಿದುಹೋಯಿತು. ಪಾಲ್ ಮಾಡಿದ ಹಾಗೆ ಆ ಸುದ್ದಿಯನ್ನು ಒಂದು ರೆಕಾರ್ಡ್ ಮಾರಲು ತಾನೇ ಬಳಸಿಕೊಳ್ಳಲಿಲ್ಲವಲ್ಲ, ಎಂಥ ಪೆದ್ದ ನಾನು ಅನ್ನುವ ಅರ್ಥದಲ್ಲಿ ಅದೇ ವರ್ಷದ ಕೊನೆಗೆ ‘ರೋಲಿಂಗ್ ಸ್ಟೋನ್’ ಸಂದರ್ಶನದಲ್ಲಿ ಹೇಳಿದ್ದಾನೆ.

ಬಸವನಗುಡಿ_ಬೇಸ್

ಜಾನ್ ಹೇಳಿದ್ದರಲ್ಲಿ ಸುಳ್ಳೇನಿದೆ? ರೆಕಾರ್ಡ್ ಮಾರಲು ಬಳಸಿಕೊಂಡದ್ದು ಹೌದು ತಾನೇ? ಅಮೆರಿಕದಲ್ಲಿ ಮೂರು ವಾರ ಒಂದನೇ ಜಾಗ. ‘ಜಂಕ್’ ಮತ್ತು ಲೋಟದ ಸದ್ದು ಕೇಳಿ ಅಷ್ಟು ಜನ ಕೊಂಡರು ಅಂತೀರಾ?

ಕರಾವಳಿ_ಕೋರಸ್

ದುಡ್ಡಿನ ಮಾತು ಬಂತಲ್ಲ, ಒಂದು ತಮಾಷೆ ಕೇಳಿ. 1967ರಲ್ಲಿ ನಾಲ್ವರೂ ಸೇರಿ 10 ವರ್ಷದ ಪಾಲುದಾರಿಕೆಗೆ ಸಹಿ ಹಾಕಿದ್ದರು. ಅದರ ಪ್ರಕಾರ, ಹಾಡು ಬರೆದದ್ದರ ಗಳಿಕೆ ಬಿಟ್ಟು, ಒಬ್ಬೊಬ್ಬರೇ ಮಾಡಿದ ರೆಕಾರ್ಡ್‌ಗಳ ಗಳಿಕೆಯೂ ಒಂದೇ ಹುಂಡಿಗೆ ಬೀಳಬೇಕು. ಅಂದರೆ ಪಾಲ್ ಒಬ್ಬನೇ ಕೂತು ಡ್ರಮ್ಸ್ ಬಾರಿಸಿದ ಆಲ್ಬಮ್‌ನ ದುಡ್ಡು ಕೂಡ ನಾಲ್ಕು ಜನರ ಲೆಕ್ಕಕ್ಕೆ! ಸುದ್ದಿ ಬಳಸಿಕೊಂಡು ಮಾರಿದ ಅನ್ನುವವರು ಇದನ್ನೂ ನೆನಪಿಟ್ಟುಕೊಳ್ಳಬೇಕು.

ನಿಜವಾದ ಜಗಳ ಇದ್ದದ್ದು ಅಲ್ಲಿ. ಉಳಿದ ಮೂವರು 1969ರಲ್ಲಿ ಕ್ಲೈನ್‌ನನ್ನು ಮ್ಯಾನೇಜರ್ ಅಂತ ಒಪ್ಪಿದರು. ಪಾಲ್ ಒಪ್ಪಲಿಲ್ಲ. ಅವನಿಗೆ ಬೇಕಾಗಿದ್ದದ್ದು ಲಿಂಡಾಳ ಅಪ್ಪ ಮತ್ತು ಅಣ್ಣ, ಇಬ್ಬರೂ ವಕೀಲರು. ‘ಮಾವನನ್ನು ತಂದು ಕೂರಿಸುತ್ತಾನೆ’ ಅಂತ ಉಳಿದವರಿಗೆ ಅನುಮಾನ ಬಂದದ್ದೂ ಸಹಜವೇ. ನಮ್ಮ ಕಡೆ ಅಣ್ಣತಮ್ಮಂದಿರ ಆಸ್ತಿ ಪಾಲಾಗುವಾಗ ಹೆಂಡತಿಯ ತವರು ಮನೆಯವರು ಬಂದು ಕೂತರೆ ಹೇಗಿರುತ್ತದೋ ಹಾಗೆ.

ಕೊನೆಗೆ ಪಾಲ್ 1970ರ ಡಿಸೆಂಬರ್ 31ಕ್ಕೆ ಲಂಡನ್ನಿನ ಹೈಕೋರ್ಟ್‌ನಲ್ಲಿ ಕೇಸ್ ಹಾಕಿದ. ಕ್ಲೈನ್‌ನಿಂದ ಬಿಡಿಸಿಕೊಳ್ಳಲು ಸ್ವಂತ ಗೆಳೆಯರ ಮೇಲೆ ದಾವೆ ಹೂಡಬೇಕಾಯಿತು. 1971ರ ಮಾರ್ಚ್‌ನಲ್ಲಿ ಕೋರ್ಟ್ ಲೆಕ್ಕಪತ್ರ ನೋಡಿಕೊಳ್ಳಲು ರಿಸೀವರ್ ನೇಮಿಸಿತು. ಪಾಲುದಾರಿಕೆ ಪೂರ್ತಿ ಮುಗಿದದ್ದು 1975ರ ಜನವರಿಯಲ್ಲಿ. ಅಷ್ಟರಲ್ಲಿ ಆ ಮೂವರೂ ಕ್ಲೈನ್‌ನನ್ನು ಬಿಟ್ಟು, ಅವನ ಮೇಲೆ ತಾವೇ ಕೇಸ್ ಹಾಕಿದ್ದರು. ಈ ಒಂದು ವಿಷಯದಲ್ಲಾದರೂ ಪಾಲ್ ಸರಿ ಇದ್ದ, ಅಲ್ವಾ?

ಮ್ಯಾಂಚೆಸ್ಟರ್_ಮಳೆ

ನಾನು ಇಂಗ್ಲೆಂಡಿನಲ್ಲಿದ್ದೇನೆ. ಲಂಡನ್ನಿಗೆ ಹೋದಾಗ ಆ ಬೀದಿಯ ಕಡೆ ಒಂದು ಸುತ್ತು ಹಾಕಿದ್ದೆ. ಪಾಲ್‌ನ ಆ ಮನೆಯ ಬೀದಿ ಕ್ಯಾವೆಂಡಿಷ್ ಅವೆನ್ಯೂದಿಂದ ಆಬಿ ರೋಡ್ ಸ್ಟುಡಿಯೋಗೆ ಆರಾಮವಾಗಿ ನಡೆದುಕೊಂಡು ಹೋಗಬಹುದು, ಅಷ್ಟು ಹತ್ತಿರ. ಮನೆಯ ಪಕ್ಕದಲ್ಲೇ ಜಗತ್ತಿನ ಒಳ್ಳೆಯ ಸ್ಟುಡಿಯೋ ಇಟ್ಟುಕೊಂಡು ಹಾಲ್‌ನಲ್ಲಿ ಮೈಕ್ ಚುಚ್ಚಿದ್ದಾನೆ ಅಂದರೆ ಅಲ್ಲಿ ಹೋಗಲು ಅವನಿಗೆ ಎಷ್ಟು ಕಷ್ಟ ಆಗಿತ್ತು ನೋಡಿ. ಆಮೇಲೆ ಹೊರಗಿನ ಕೆಲಸ ಶುರುವಾದಾಗಲೂ ಮೊದಲು ಹೋದದ್ದು ವಿಲ್ಸ್‌ಡೆನ್‌ನ ಮಾರ್ಗನ್ ಸ್ಟುಡಿಯೋಗೆ, ಅದೂ ಬಿಲ್ಲಿ ಮಾರ್ಟಿನ್ ಅನ್ನುವ ಸುಳ್ಳು ಹೆಸರಿನಲ್ಲಿ.

ಬ್ಯಾಂಡಿನ ಡ್ರಮ್ಮರ್ ರಿಂಗೋ ಕಥೆ ಇನ್ನೂ ಯಾರೂ ಹೇಳಲಿಲ್ಲವಲ್ಲ! ‘ಮೆಕಾರ್ಟ್ನಿ’ಯ ದಿನಾಂಕ ಮೊದಲೇ ಗೊತ್ತಾಗಿತ್ತು. ಅಷ್ಟರಲ್ಲಿ ಬೀಟಲ್ಸ್‌ನ ‘ಲೆಟ್ ಇಟ್ ಬಿ’ ಆಲ್ಬಮ್ ಮತ್ತು ಸಿನಿಮಾ ಬರುವುದಿತ್ತು. ಎರಡೂ ಡಿಕ್ಕಿ ಹೊಡೆಯುತ್ತವೆ, ನಿನ್ನದು ಮುಂದಕ್ಕೆ ಹಾಕು ಅಂತ ಜಾನ್ ಮತ್ತು ಜಾರ್ಜ್ ಒಂದು ಕಾಗದ ಬರೆದರು. ಅದನ್ನು ತಗೊಂಡು ಮಾರ್ಚ್ 31ಕ್ಕೆ ಪಾಲ್ ಮನೆಗೆ ಹೋದವನು ರಿಂಗೋ. ಯಾರೋ ಹುಡುಗನ ಕೈಯಲ್ಲಿ ಕಳಿಸುವುದು ಬೇಡ, ಗೆಳೆಯನಲ್ಲವಾ, ನಾನೇ ಕೊಡುತ್ತೇನೆ ಅಂತ ಹೋಗಿದ್ದ. ಪಾಲ್ ಕಿರುಚಾಡಿ, ಮುಖದ ಮುಂದೆ ಬೆರಳು ಆಡಿಸಿ, ಕೋಟ್ ಹಾಕ್ಕೊಂಡು ಹೊರಡು ಅಂದುಬಿಟ್ಟ. ಇದೆಲ್ಲ ಆಮೇಲೆ ಕೋರ್ಟಿನಲ್ಲಿ ರಿಂಗೋನ ಹೇಳಿಕೆಯಲ್ಲೇ ಬಂತು.

ರಿಂಗೋ ದೊಡ್ಡ ಮನುಷ್ಯ. ವಾಪಸ್ ಹೋಗಿ, ಆ ದಿನಾಂಕ ಅವನಿಗೆ ಅಷ್ಟು ಮುಖ್ಯ ಅಂದರೆ ಅವನಿಗೇ ಇರಲಿ ಬಿಡಿ ಅಂತ ಉಳಿದವರನ್ನು ಒಪ್ಪಿಸಿದ. ‘ಲೆಟ್ ಇಟ್ ಬಿ’ ಮೇ 8ಕ್ಕೆ ಹೋಯಿತು.

ಬಸವನಗುಡಿ_ಬೇಸ್

ಪಾಪದ ರಿಂಗೋ. ಎಲ್ಲರಿಗಿಂತ ಒಳ್ಳೆಯವನನ್ನೇ ಹೊರಗೆ ಹಾಕಿದ. ಇದನ್ನು ಹೇಗೆ ಸಮರ್ಥಿಸಿಕೊಳ್ಳುತ್ತೀರಿ ಟೇಪ್‌ರಾಯರೇ?

ಟೇಪ್‌ರಾಯ

ಸಮರ್ಥಿಸಿಕೊಳ್ಳುವುದಿಲ್ಲ. ತಪ್ಪು ತಪ್ಪೇ. ಆದರೆ ಮರುದಿನ ಏನಾಯಿತು ನೋಡಿ. ಏಪ್ರಿಲ್ 1ಕ್ಕೆ, ‘ಲೆಟ್ ಇಟ್ ಬಿ’ಯನ್ನು ಸಿದ್ಧ ಮಾಡುತ್ತಿದ್ದ ನಿರ್ಮಾಪಕ ಫಿಲ್ ಸ್ಪೆಕ್ಟರ್ ಆಬಿ ರೋಡ್‌ನಲ್ಲಿ ಕೂತು ಪಾಲ್‌ನ ‘ದ ಲಾಂಗ್ ಅಂಡ್ ವೈಂಡಿಂಗ್ ರೋಡ್’ ಮೇಲೆ ಪಿಟೀಲುಗಳ ರಾಶಿ, ಹಾರ್ಪ್, ಹೆಂಗಸರ ಕೋರಸ್ ಎಲ್ಲ ಸುರಿದ. ಪಾಲ್‌ನನ್ನು ಕೇಳಿರಲಿಲ್ಲ. ಏಪ್ರಿಲ್ 14ಕ್ಕೆ ಪಾಲ್ ಕ್ಲೈನ್‌ಗೆ ಕಾಗದ ಬರೆದು ಅದನ್ನು ಕಡಿಮೆ ಮಾಡಿ, ಇದನ್ನು ತೆಗೆಯಿರಿ, ಇನ್ನು ಮುಂದೆ ಹೀಗೆ ಮಾಡಬೇಡಿ ಅಂತ ಹೇಳಿದ. ಏನೂ ಬದಲಾಗಲಿಲ್ಲ, ಹಾಡು ಹಾಗೇ ಬಂತು.

ಈಗ ಎರಡನ್ನೂ ಪಕ್ಕಪಕ್ಕ ಇಡಿ. ಅವನ ಹೆಸರಿನ ಹಾಡಿಗೆ ಯಾರೋ ಕೋರಸ್ ಸುರಿಯುತ್ತಿದ್ದಾರೆ. ಅದೇ ತಿಂಗಳು ಬಂದ ಅವನ ಸ್ವಂತ ಆಲ್ಬಮ್‌ನಲ್ಲಿ ಬಾಗಿಲಿನ ಕೀರಲು ಕೂಡ ಅವನು ಇಟ್ಟಲ್ಲೇ ಇದೆ. ಯಾರೂ ಬಂದು ಮುಟ್ಟುವ ಹಾಗಿಲ್ಲ. ಆ ಬೋಳು ಸದ್ದಿಗೆ ಇಷ್ಟು ಅರ್ಥ ಇದೆ ಅಂತ ನನಗೆ ಅನ್ನಿಸುತ್ತದೆ.

ಸುಮ್ನೆ_ಕೇಳುವವಳು

ಇವತ್ತು ಕೇಳಿದೆ! ‘ಜಂಕ್’ ತುಂಬಾ ಇಷ್ಟ ಆಯಿತು. ಹಳೇ ಸಾಮಾನಿನ ಅಂಗಡಿ ಬಗ್ಗೆ ಇಷ್ಟು ಚಂದ ಬರೆಯಬಹುದಾ? ಇದು ಬ್ಯಾಂಡ್ ಒಡೆದ ದುಃಖದಲ್ಲಿ ಬರೆದದ್ದಾ?

ಮ್ಯಾಂಚೆಸ್ಟರ್_ಮಳೆ

ಇಲ್ಲ ಇಲ್ಲ, ಅದು ನಮ್ಮ ಋಷಿಕೇಶದ ಹಾಡು. 1968ರಲ್ಲಿ ಮಹರ್ಷಿ ಮಹೇಶ ಯೋಗಿಯ ಆಶ್ರಮದಲ್ಲಿದ್ದಾಗ ಬರೆದದ್ದು. ‘ಟೆಡ್ಡಿ ಬಾಯ್’ ಕೂಡ ಅಲ್ಲಿಯದೇ. ಅಲ್ಲಿಂದ ವಾಪಸ್ ಬಂದು ಎಷರ್‌ನ ಜಾರ್ಜ್ ಮನೆಯಲ್ಲಿ ಬ್ಯಾಂಡಿನವರು ಹಾಡುಗಳ ಕಚ್ಚಾ ಪ್ರತಿ ಮಾಡಿದಾಗ ‘ಜಂಕ್’ ಇತ್ತು. ‘ಟೆಡ್ಡಿ ಬಾಯ್’ಯನ್ನು 1969ರ ಜನವರಿಯಲ್ಲಿ ಬ್ಯಾಂಡ್ ಪ್ರಯತ್ನಿಸಿತ್ತು, ನಡುವೆ ಜಾನ್ ಗೇಲಿ ಮಾಡುವುದು ಟೇಪಿನಲ್ಲಿ ಕೇಳಿಸುತ್ತದೆ. ‘ಹಾಟ್ ಆ್ಯಸ್ ಸನ್’ ಇನ್ನೂ ಹಳೆಯದು, 50ರ ದಶಕದ ಕೊನೆಯದು.

ಬ್ಯಾಂಡ್ ಬೇಡ ಅಂದ ಹಾಡುಗಳನ್ನು ಬ್ಯಾಂಡ್ ಹೋದ ಮೇಲೆ ಎತ್ತಿಕೊಂಡಿದ್ದಾನೆ. ಜಾರ್ಜ್ ಮಾಡಿದ್ದೂ ಅದೇ, ಇನ್ನೂ ದೊಡ್ಡದಾಗಿ. ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಹಾಡನ್ನು ಬೀಟಲ್ಸ್ 1969ರಲ್ಲಿ ತಾಲೀಮು ಮಾಡಿ ಕೈಬಿಟ್ಟರು. 1970ರ ನವೆಂಬರ್‌ನಲ್ಲಿ ಅದೇ ಹೆಸರಿನ ಮೂರು ತಟ್ಟೆಯ ಆಲ್ಬಮ್ ಬಂತು.

ರಾಗಿಮುದ್ದೆ_ರಾಕ್

ನಮ್ಮಲ್ಲೂ ಇದಕ್ಕೆ ಹತ್ತಿರದ ಉದಾಹರಣೆ ರಘು ದೀಕ್ಷಿತ್ ಅಲ್ವಾ? ಅಂತರಾಗ್ನಿ ಬ್ಯಾಂಡ್ ಮುಗಿದ ಮೇಲೆ 2008ರಲ್ಲಿ ಅವರ ಮೊದಲ ಆಲ್ಬಮ್ ಬಂತು. ಅದರಲ್ಲೇ ಶಿಶುನಾಳ ಷರೀಫರ ‘ಗುಡುಗುಡಿಯ ಸೇದಿ ನೋಡೋ’ ಇತ್ತು. ಹಳೇ ಬ್ಯಾಂಡಿನ ಹೆಸರನ್ನೂ ಆಲ್ಬಮ್‌ಗೆ ಉಳಿಸಿಕೊಂಡರು.

ಬಸವನಗುಡಿ_ಬೇಸ್

ಒಳ್ಳೇ ವಿಷಯ, ಅದಕ್ಕೆ ಬೇರೆ ಎಳೆ ಶುರು ಮಾಡಿ, ನಾನೂ ಬರುತ್ತೇನೆ. ಇಲ್ಲಿ ಬೀಟಲ್ಸ್ ಜಗಳ ಇನ್ನೂ ಮುಗಿದಿಲ್ಲ.

ಮ್ಯಾಂಚೆಸ್ಟರ್ ಹೇಳಿದ್ದು ನನ್ನ ವಾದಕ್ಕೇ ಪುಷ್ಟಿ. ಜಾರ್ಜ್ ಒಳಗೆ ಕಟ್ಟಿಟ್ಟುಕೊಂಡದ್ದನ್ನೆಲ್ಲ ಹೊರಗೆ ಹಾಕಿದ. ಜಾನ್ ಡಿಸೆಂಬರ್‌ನಲ್ಲಿ ‘ಪ್ಲಾಸ್ಟಿಕ್ ಓನೋ ಬ್ಯಾಂಡ್’ ತಂದ. ಅಮ್ಮನನ್ನು ಕೂಗಿ ಅಳುತ್ತಾನೆ, ಬೀಟಲ್ಸ್ ಮೇಲೂ ನಂಬಿಕೆ ಇಲ್ಲ ಅಂತಾನೆ. ಅದೂ ಬೋಳು ಸದ್ದೇ. ಹೆಚ್ಚಿನ ಹಾಡುಗಳಲ್ಲಿ ಮೂರೇ ಜನ, ಪಿಯಾನೋ ಇಲ್ಲವೇ ಗಿಟಾರ್, ಬೇಸ್, ಡ್ರಮ್ಸ್, ಅಷ್ಟೇ. ಆದರೆ ಅಲ್ಲಿ ಹೇಳುವುದಕ್ಕೆ ಏನೋ ಇದೆ. ಪಾಲ್ ಹೇಳುವುದು ಏನು? ಹೆಂಡತಿ ಚೆನ್ನಾಗಿದ್ದಾಳೆ, ಅವಳ ತಲೆಯಲ್ಲಿ ಹೂವಿದೆ.

ಟೇಪ್‌ರಾಯ

‘ಎವ್ರಿ ನೈಟ್’ ಮತ್ತೊಂದು ಸಲ ಕೇಳಿ. ದಿನಾ ರಾತ್ರಿ ಹೊರಗೆ ಹೋಗಿ ಮೈಮರೆಯಬೇಕು ಅನ್ನಿಸುತ್ತದೆ, ದಿನಾ ಬೆಳಿಗ್ಗೆ ಏಳಲು ಮನಸ್ಸಿಲ್ಲ ಅಂತ ಹಾಡುತ್ತಿದ್ದಾನೆ. ರಾಗ ಸಿಹಿಯಾಗಿದೆ ಅಂತ ಮಾತು ಕೇಳಿಸಿಕೊಳ್ಳುವುದಿಲ್ಲ ನೀವು. ‘ಮ್ಯಾನ್ ವಿ ವಾಸ್ ಲೋನ್ಲಿ’ ಹೆಸರಿನಲ್ಲೇ ಇದೆ. ಜಾನ್ ಕಿರುಚಿದರೆ ಸತ್ಯ, ಪಾಲ್ ಗುನುಗಿದರೆ ಸುಳ್ಳು, ಇದು ಯಾವ ನ್ಯಾಯ?

ಇನ್ನು ‘ಮೇಬಿ ಐ ಆಮ್ ಅಮೇಝ್ಡ್’. ಅದನ್ನು ಮನೆಯಲ್ಲಿ ಮಾಡಲಿಲ್ಲ, ಫೆಬ್ರವರಿಯಲ್ಲಿ ಆಬಿ ರೋಡ್‌ಗೆ ಹೋಗಿ ಮಾಡಿದ. ಅಲ್ಲೂ ಒಬ್ಬನೇ. ಹೆಂಡತಿಯನ್ನು ಹೊಗಳುವ ಹಾಡು ಅಂತಾರೆ, ನನಗೆ ಅದರಲ್ಲಿ ಭಯವೇ ಜಾಸ್ತಿ ಕೇಳಿಸುತ್ತದೆ. ನೀನಿಲ್ಲದಿದ್ದರೆ ನಾನು ಏನಾಗುತ್ತಿದ್ದೆ ಅನ್ನುವ ಭಯ.

ನಾಕನೇ_ಟ್ರ್ಯಾಕ್

ಅದರ ಗಿಟಾರ್ ಸೋಲೋ ಬಗ್ಗೆ ಯಾರೂ ಮಾತಾಡುವುದಿಲ್ಲ. ಬೇಸ್ ನುಡಿಸುವವನ ಸೋಲೋ ಅದು. ಪ್ರತಿ ಸ್ವರವೂ ಹಾಡಲು ಬರುತ್ತದೆ.

ಆಗ ಅದನ್ನು ಸಿಂಗಲ್ ಆಗಿ ಬಿಡಲಿಲ್ಲ ಅನ್ನುವುದು ನನಗೆ ಅರ್ಥವೇ ಆಗದ ನಿರ್ಧಾರ. 1977ರಲ್ಲಿ, ಪಾಲ್ ಆಮೇಲೆ ಕಟ್ಟಿದ ಬ್ಯಾಂಡ್ ವಿಂಗ್ಸ್ ಜೊತೆಗಿನ ಲೈವ್ ಪ್ರತಿಯನ್ನು ಬಿಟ್ಟಾಗ ಅಮೆರಿಕದಲ್ಲಿ ಮೊದಲ ಹತ್ತರೊಳಗೆ ಬಂತು. ಏಳು ವರ್ಷ ತಡ.

ಕರಾವಳಿ_ಕೋರಸ್

ಹೊದಿಕೆಯ ಬಗ್ಗೆಯೂ ಒಂದು ಮಾತು. ಮುಂದೆ ಅವನ ಮುಖವೇ ಇಲ್ಲ. ಒಂದು ಬಟ್ಟಲು, ಸುತ್ತ ಚೆಲ್ಲಿದ ಚೆರ್ರಿ ಹಣ್ಣು. ಹಿಂಬದಿಯಲ್ಲಿ ಕೋಟಿನೊಳಗಿಂದ ಇಣುಕುವ ಪುಟ್ಟ ಮೇರಿ. ಎರಡೂ ಲಿಂಡಾ ತೆಗೆದ ಫೋಟೋ. ಜನಕ್ಕೆ ನೆನಪಿರುವುದು ಹಿಂದಿನದೇ.

ಬಸವನಗುಡಿ_ಬೇಸ್

ಸರಿ, ‘ಎವ್ರಿ ನೈಟ್’ ಮತ್ತೆ ಕೇಳಿದೆ. ಹಾಡು ಚೆನ್ನಾಗಿದೆ, ಅದನ್ನು ಯಾವತ್ತೂ ಅಲ್ಲಗಳೆದಿಲ್ಲ. ಆದರೆ ನಾಲ್ಕು ಒಳ್ಳೆಯ ಹಾಡಿಗೆ ಒಂಬತ್ತು ತುಣುಕು ಸಹಿಸಿಕೊಳ್ಳಿ ಅನ್ನಬೇಡಿ. ಅವನಿಗೇ ಗೊತ್ತಿತ್ತು ಅನ್ನಿಸುತ್ತದೆ. ಮುಂದಿನ ವರ್ಷ ಬಂದ ‘ರ‍್ಯಾಮ್’ ಮಾಡುವಾಗ ನ್ಯೂಯಾರ್ಕಿಗೆ ಹೋಗಿ ಬೇರೆ ವಾದ್ಯಗಾರರನ್ನು ಇಟ್ಟುಕೊಂಡ.

ನಾಕನೇ_ಟ್ರ್ಯಾಕ್

ಆದರೆ ಮತ್ತೆ ಒಬ್ಬನೇ ಕೂತದ್ದು ಯಾವಾಗ? 1980ರಲ್ಲಿ ‘ಮೆಕಾರ್ಟ್ನಿ 2’ ಬಂತು, ವಿಂಗ್ಸ್ ಮುಗಿಯುತ್ತಿದ್ದ ಹೊತ್ತು. 2020ರ ಡಿಸೆಂಬರ್‌ನಲ್ಲಿ ‘ಮೆಕಾರ್ಟ್ನಿ 3’, ಲಾಕ್‌ಡೌನ್ ಹೊತ್ತು. ಜೊತೆಗೆ ಯಾರೂ ಇಲ್ಲದಾಗ ಅವನು ಹೋಗುವುದು ಈ ದಾರಿಗೇ.

ಸುಮ್ನೆ_ಕೇಳುವವಳು

ಹೊಸಬರಿಗೆ ಒಂದು ಕ್ರಮ ಹೇಳಿ. ಎಲ್ಲಿಂದ ಶುರು ಮಾಡಲಿ? ಕೊನೆಯ ಟ್ರ್ಯಾಕ್‌ನಲ್ಲಿ ನನಗೆ ತಲೆ ಕೆಟ್ಟಿತು.

ಟೇಪ್‌ರಾಯ

‘ಎವ್ರಿ ನೈಟ್’, ‘ಜಂಕ್’, ‘ಮೇಬಿ ಐ ಆಮ್ ಅಮೇಝ್ಡ್’ ಮೊದಲು. ಆಮೇಲೆ ‘ಮಾಮಾ ಮಿಸ್ ಅಮೆರಿಕಾ’, ಬೇಸ್‌ಗೋಸ್ಕರ. ಅದಾದ ಮೇಲೆ ಮೊದಲಿಂದ ಕೊನೆವರೆಗೆ ಒಂದೇ ಸಲ. ಒಟ್ಟು 35 ನಿಮಿಷ ಅಷ್ಟೇ.

ಕೊನೆಯದು ‘ಕ್ರೀನ್-ಅಕ್ರೋರ್’. ಬ್ರೆಜಿಲ್‌ನ ಒಂದು ಬುಡಕಟ್ಟಿನ ಬಗ್ಗೆ ಟಿವಿಯಲ್ಲಿ ಬಂದ ಸಾಕ್ಷ್ಯಚಿತ್ರ ನೋಡಿ ಮಾಡಿದ್ದು. ಸ್ಟುಡಿಯೋಗೆ ಬಿಲ್ಲುಬಾಣ ತರಿಸಿ ಅದರ ಸದ್ದನ್ನೂ ಹಿಡಿದಿದ್ದಾನೆ. ಅದನ್ನು ಬಿಡಬೇಡಿ.

ಬಸವನಗುಡಿ_ಬೇಸ್

ಧಾರಾಳವಾಗಿ ಬಿಡಿ. ನಾಲ್ಕು ನಿಮಿಷದ ಡ್ರಮ್ಸ್ ಮತ್ತು ಏದುಸಿರು.

ನಾಕನೇ_ಟ್ರ್ಯಾಕ್

ಹೆಡ್‌ಫೋನ್ ಹಾಕಿಕೊಂಡು ಕೇಳಿದ್ದೀರಾ ಬಸವನಗುಡಿಯವರೇ? ಸ್ಪೀಕರ್‌ನಲ್ಲಿ ಅದು ಸಿಗುವುದಿಲ್ಲ.

ಬಸವನಗುಡಿ_ಬೇಸ್

ಹೆಡ್‌ಫೋನ್‌ನಲ್ಲೇ ಕೇಳಿದ್ದು. ಅದಕ್ಕೇ ಹೇಳುತ್ತಿದ್ದೇನೆ.